ಕಡಲ ಬಂಡೆಯ ಬಣ್ಣದ ಸ್ಲಗ್‌ಗೆ ಹೆಸರು ಹುಡುಕುವುದು ಹೇಗೆ? ಬಣ್ಣವನ್ನು ಕೊನೆಗೆ ನೋಡಿ

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದ ಹಾಗೆ ನನಗೆ ಫೋಟೋಗಳು ಬರಲು ಶುರು. ಸುರತ್ಕಲ್ ಲೈಟ್‌ಹೌಸ್ ಹತ್ತಿರದ ಬಂಡೆಯಿಂದ, ಕಾಪುವಿನಿಂದ, ಸೋಮೇಶ್ವರದಿಂದ, ಒಮ್ಮೊಮ್ಮೆ ಮಲ್ಪೆ ಬಂದರಿನಲ್ಲಿ ಬಲೆ ಬಿಡಿಸುವವರಿಂದ. ಪ್ರಶ್ನೆ ಮಾತ್ರ ಒಂದೇ: "ಇದು ಎಂತ ಹುಳ? ಇಷ್ಟು ಚಂದ ಉಂಟಲ್ಲ, ಹೆಸರು ಹೇಳಿ." ಹೆಚ್ಚಿನ ಫೋಟೋಗಳಿಗೆ ನಾನು ಹೆಸರು ಹೇಳಲು ಆಗುವುದಿಲ್ಲ. ಫೋಟೋ ಚೆನ್ನಾಗಿಯೇ ಇರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ, ಆದರೆ ಹೆಸರು ಹೇಳಲು ಬೇಕಾದ ಭಾಗ ಒಂದೂ ಕಾಣುವುದಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ.

ಇವು ಸೀ ಸ್ಲಗ್‌ಗಳು. ಚಿಪ್ಪಿಲ್ಲದ ಕಡಲ ಬಸವನಹುಳು ಅಂದುಕೊಳ್ಳಿ. ನಾವು ತಿನ್ನುವ ಮರುವಾಯಿ (ಚಿಪ್ಪುಮೀನು), ಬೊಂಡಾಸ್ (ಸ್ಕ್ವಿಡ್) ಎಲ್ಲ ಸೇರುವ ಮೃದ್ವಂಗಿ ವಂಶದವೇ. ಮೃದ್ವಂಗಿ ಅಂದರೆ ಮೂಳೆ ಇಲ್ಲದ ಮೆತ್ತಗಿನ ಮೈಯ ಪ್ರಾಣಿ. ಅದರೊಳಗೆ ಬಸವನಹುಳು, ಶಂಖಗಳ ವರ್ಗಕ್ಕೆ ಉದರಪಾದಿ ಅನ್ನುತ್ತಾರೆ, ಹೊಟ್ಟೆಯ ಅಡಿಯೇ ಪಾದವಾಗಿ ತೆವಳುವ ಪ್ರಾಣಿಗಳು. ಸೀ ಸ್ಲಗ್‌ಗಳಲ್ಲಿ ಹಲವು ಗುಂಪುಗಳಿವೆ. ಅದರಲ್ಲಿ ಅತಿ ಬಣ್ಣದ ಗುಂಪಿನ ಹೆಸರು ನ್ಯೂಡಿಬ್ರಾಂಕ್, ಅಂದರೆ ಬರಿ ಕಿವಿರಿನವು, ಕಿವಿರು ಮುಚ್ಚಲು ಚಿಪ್ಪಿಲ್ಲದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ನೋಡಿ ಹೆಸರು ಇಡಬೇಡಿ. ಡೆಂಡ್ರೊಡೊರಿಸ್ ಫುಮಾಟಾ ಅಂತ ಒಂದು ಪ್ರಭೇದ ಉಂಟು. ಅದೊಂದೇ ಪ್ರಭೇದ ಕಿತ್ತಳೆ ಬಣ್ಣದಲ್ಲೂ ಸಿಗುತ್ತದೆ, ಬೂದಿಯಲ್ಲೂ ಸಿಗುತ್ತದೆ, ಕಪ್ಪಿನಲ್ಲೂ ಸಿಗುತ್ತದೆ. ಇದಕ್ಕೆ ಉಲ್ಟಾ, ಒಂದೇ ತರದ ಬಣ್ಣ ಬೇರೆ ಬೇರೆ ಪ್ರಭೇದಗಳಲ್ಲೂ ಇರುತ್ತದೆ. 2018ರಲ್ಲಿ ಹಿಪ್ಸೆಲೊಡೊರಿಸ್ ಅನ್ನುವ ಒಂದೇ ಜಾತಿಯಲ್ಲಿ (ಜಾತಿ ಅಂದರೆ ಹತ್ತಿರದ ನೆಂಟ ಪ್ರಭೇದಗಳ ಗುಂಪು) ವಿಜ್ಞಾನಿಗಳು 17 ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಡಿಎನ್‌ಎ ನೋಡಿದಾಗ, ಬಣ್ಣದ ಮೇಲೆ ಒಂದೇ ಅಂದುಕೊಂಡಿದ್ದವು ಬೇರೆ ಬೇರೆ ಅಂತ ಗೊತ್ತಾಯಿತು. ಹಾಗಾಗಿ ಮೊದಲು ಆಕಾರ, ಆಮೇಲೆ ಅಂಗಗಳು, ಆಮೇಲೆ ಅದು ಕೂತ ಜಾಗ, ಕೊನೆಗೆ ಬಣ್ಣ. ಈ ಲೇಖನ ಪೂರ್ತಿ ಇದೇ ಸಾಲಿನಲ್ಲಿ ಹೋಗುತ್ತದೆ.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಹತ್ತಿರದ ಫೋಟೋ ತೆಗೆಯಲು ಬರುವ ಮೊಬೈಲ್, ಅದಕ್ಕೆ ನೀರು ಹೋಗದ ಕವರ್. ಹಿಡಿತ ಚೆನ್ನಾಗಿರುವ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೇ ಶೂ. ಬರಿಗಾಲಲ್ಲಿ ಹೋಗಬೇಡಿ, ಬಂಡೆಗೆ ಅಂಟಿದ ಸಿಂಪಿಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸಣ್ಣ ಸ್ಕೇಲ್. ಕೆಲವರು ಅಳತೆಗೆ ನಾಣ್ಯ ಇಡುತ್ತಾರೆ, ಆದರೆ ನಮ್ಮ ನಾಣ್ಯಗಳ ಗಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಯಾವ ನಾಣ್ಯ ಅಂತ ಮತ್ತೆ ತಲೆ ಕೆಡಿಸಿಕೊಳ್ಳಬೇಕು.

ಇನ್ನೊಂದು ಸಾಮಾನು ಯಾರೂ ಹೇಳುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ: ತಳ ಚಪ್ಪಟೆಯಾಗಿ, ಪಾರದರ್ಶಕವಾಗಿ ಇರುವ ಒಂದು ಪ್ಲಾಸ್ಟಿಕ್ ಡಬ್ಬ. ಅದರ ತಳವನ್ನು ನೀರಿನ ಮೇಲೆ ಮೆಲ್ಲಗೆ ಒತ್ತಿ ಹಿಡಿದರೆ ಅಲೆಯ ಸುಕ್ಕು ನಿಂತು ಕೆಳಗಿನದು ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತದೆ. ಮೊಬೈಲ್‌ನ ಕ್ಯಾಮರಾವನ್ನು ಡಬ್ಬದ ಒಳಗಿನಿಂದ ತಳಕ್ಕೆ ತಾಗಿಸಿ ಹಿಡಿಯಿರಿ. ಮೇಲಿಂದ ಕೊಡೆಯ ನೆರಳು ಬಿದ್ದರೆ ಹೊಳಪೂ ಹೋಯಿತು.

ಹಂತ 1: ಇಳಿತದ ಹೊತ್ತು ನೋಡಿ ಹೊರಡಿ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಇಳಿತವೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಜಾಸ್ತಿ ಇಳಿಯುತ್ತದೆ, ಉಳಿದ ದಿನ ಕಾಣದ ಬಂಡೆ ಹೊಂಡಗಳು ಆಗ ಬಾಯಿ ತೆರೆಯುತ್ತವೆ. ನವ ಮಂಗಳೂರು ಬಂದರಿಗೆ ಭರತ-ಇಳಿತದ ಪಟ್ಟಿ ಸಿಗುತ್ತದೆ, ಅದರಲ್ಲಿ ಅತಿ ಕಡಿಮೆ ಅಂಕಿ ಇರುವ ಹೊತ್ತನ್ನು ಗುರುತು ಹಾಕಿಕೊಳ್ಳಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ ಆರು ಗಂಟೆಗೆ ಹೋಗಿದ್ದೆವು, ಇವತ್ತೂ ಆರಕ್ಕೇ ಹೋಗೋಣ ಅಂದರೆ ಆಗುವುದಿಲ್ಲ.

ಪಟ್ಟಿಯಲ್ಲಿ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲು ಅಲ್ಲಿರಿ. ನೀರು ತಿರುಗಿ ಏರಲು ಶುರುವಾದ ಕೂಡಲೇ ಮೇಲೆ ಬನ್ನಿ. ಕಡಲಿಗೆ ಬೆನ್ನು ಹಾಕಿ ಕೂರಬೇಡಿ, ಒಬ್ಬರೇ ಹೋಗಬೇಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಯ ಎಚ್ಚರಿಕೆ ಕೊಡುತ್ತದೆ. ಆ ದಿನ ಆಕಾಶ ಎಷ್ಟೇ ತಿಳಿಯಾಗಿದ್ದರೂ ಬಂಡೆಗೆ ಇಳಿಯಬೇಡಿ. ಎಲ್ಲೋ ದೂರದ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದೆ ಬಂದು ಬಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಕಡೆಗೆ ತಲೆಯೇ ಹಾಕಬೇಡಿ.

ಹಂತ 2: ಎಲ್ಲಿ ಹುಡುಕಬೇಕು

ಮರಳಿನಲ್ಲಿ ಅಲ್ಲ, ಬಂಡೆಯಲ್ಲಿ. ಅದರಲ್ಲೂ ಬಿಸಿಲು ನೇರ ಬೀಳದ ಕಡೆ. ಬಂಡೆ ಬಾಗಿ ಚಾವಣಿಯ ಹಾಗಾದ ಜಾಗ, ಬಿರುಕಿನ ಒಳಗೋಡೆ, ನೀರು ನಿಂತೇ ಇರುವ ಹೊಂಡದ ಬದಿ. ಮೊದಲು ಹುಳ ಹುಡುಕಬೇಡಿ, ಅದರ ಊಟ ಹುಡುಕಿ. ಬಂಡೆಗೆ ಅಂಟಿದ ಹಳದಿ, ಕೆಂಪು, ನೀಲಿ ಸ್ಪಂಜು ಅನ್ನುವ ಪ್ರಾಣಿ ಕಂಡರೆ ಅಲ್ಲೇ ಕೂತು ಐದು ನಿಮಿಷ ಕಣ್ಣಾಡಿಸಿ. ಡೋರಿಡ್ ಸ್ಲಗ್‌ಗಳು (ಹೆಚ್ಚಾಗಿ ಬೆನ್ನ ಹಿಂಭಾಗದಲ್ಲಿ ಹೂವಿನ ಹಾಗೆ ಕಿವಿರು ಇರುವವು) ಹೆಚ್ಚಾಗಿ ಸ್ಪಂಜು ತಿನ್ನುತ್ತವೆ. ಗರಿಯ ಹಾಗೆ ಸಣ್ಣಗೆ ಕವಲೊಡೆದ ಹೈಡ್ರಾಯ್ಡ್ ಅನ್ನುವ ಪ್ರಾಣಿಗಳ ಮೇಲೆ ಬೆನ್ನ ತುಂಬ ಬೆರಳಿರುವ ಸ್ಲಗ್‌ಗಳು ಸಿಗುತ್ತವೆ. ಹಸಿರು ಪಾಚಿಯ ಮೇಲೆ ಹಸಿರೇ ಆಗಿ ಕೂತವು ಬೇರೆ.

ಗುಲಾಬಿ ಅಥವಾ ಬಿಳಿ ರಿಬ್ಬನ್ನು ಸುರುಳಿ ಸುತ್ತಿ ಬಂಡೆಗೆ ಅಂಟಿಸಿದ ಹಾಗೆ ಏನಾದರೂ ಕಂಡರೆ ಅದು ಮೊಟ್ಟೆ. ಇಟ್ಟದ್ದು ಹತ್ತಿರದಲ್ಲೇ ಇರಬಹುದು. ಮೊಟ್ಟೆಯ ಫೋಟೋವನ್ನೂ ತೆಗೆಯಿರಿ, ಗುರುತಿಸಲು ಸಹಾಯ ಆಗುತ್ತದೆ.

ಕಲ್ಲು ಎತ್ತಿದರೆ ಮೆಲ್ಲಗೆ ಎತ್ತಿ, ಇದ್ದ ಹಾಗೆಯೇ ವಾಪಸ್ ಇಡಿ. ಮಗುಚಿ ಬಿಟ್ಟರೆ ಕೆಳಗಿನ ನೆರಳಲ್ಲಿ ಬದುಕುವ ಸ್ಪಂಜು, ಮೊಟ್ಟೆ ಎಲ್ಲ ಒಂದೇ ಬಿಸಿಲಿಗೆ ಸಾಯುತ್ತವೆ. ಒಂದು ಹೊಂಡದಲ್ಲಿ ಮಗುಚಿ ಬಿಟ್ಟ ಹನ್ನೆರಡು ಕಲ್ಲು ನಾನೇ ಎಣಿಸಿದ್ದೇನೆ. ಒಂದೊಂದರ ಮೇಲೂ ಸ್ಪಂಜು ಬಿಳುಚಿ ಹೋಗಿತ್ತು. ನೋಡಲು ಸಂಕಟ ಆಗುತ್ತದೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಕಲ್ಲು, ಚಿಪ್ಪು ಯಾವುದನ್ನೂ ಕದಲಿಸುವುದೇ ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಂತ 3: ಅದು ಸೀ ಸ್ಲಗ್ ಹೌದಾ?

ಇಲ್ಲೇ ಅರ್ಧ ಜನ ದಾರಿ ತಪ್ಪುತ್ತಾರೆ. ಸ್ಲಗ್ ಅಲ್ಲದೆ ಸ್ಲಗ್‌ನ ಹಾಗೆ ಕಾಣುವವು ಮುಖ್ಯವಾಗಿ ಮೂರು.

ಒಂದು, ಚಪ್ಪಟೆ ಹುಳ. ಬಣ್ಣದಲ್ಲಿ ಸ್ಲಗ್ ಅನ್ನು ಮೀರಿಸುತ್ತದೆ. ಆದರೆ ಮೈ ಕಾಗದದಷ್ಟು ತೆಳು, ಬೆನ್ನ ಮೇಲೆ ಕಿವಿರಿಲ್ಲ. ತಲೆಯ ಕಡೆ ಎರಡು ಕೊಂಬಿನ ಹಾಗೆ ಕಾಣುವುದು ನಿಜವಾದ ಕೊಂಬಲ್ಲ, ಮೈಯ ಅಂಚೇ ಮಡಚಿದ್ದು. ನೀರು ಹರಿದ ಹಾಗೆ ಜಾರಿ ಹೋಗುತ್ತದೆ, ಮುಟ್ಟಿದರೆ ಹರಿದೇ ಹೋಗುತ್ತದೆ.

ಎರಡು, ಒಂಕಿಡಿಯಂ ಗುಂಪಿನವು. ನೀರು ಇಳಿದ ಬಂಡೆಯ ಮೇಲೆ ಒದ್ದೆ ಮಣ್ಣಿನ ಬಣ್ಣದ, ಗಂಟುಗಂಟಾದ ಉಂಡೆಗಳು ಮೆಲ್ಲಗೆ ಹೋಗುತ್ತಿರುತ್ತವಲ್ಲ, ಅವು. ಇವೂ ಮೃದ್ವಂಗಿಗಳೇ, ಆದರೆ ಗಾಳಿ ಉಸಿರಾಡುತ್ತವೆ, ಕಣ್ಣು ಕಡ್ಡಿಯ ತುದಿಯಲ್ಲಿರುತ್ತದೆ. ನೀರಿನಿಂದ ಹೊರಗೆ ಆರಾಮಾಗಿ ಓಡಾಡುತ್ತಿದ್ದರೆ ಅದು ನ್ಯೂಡಿಬ್ರಾಂಕ್ ಅಲ್ಲ.

ಮೂರು, ಗಾಳಿಗೆ ಮರಳಿಗೆ ಬಂದು ಬೀಳುವ ನೀಲಿ ಗುಂಡಿಗಳು, ಪೊರ್ಪಿಟಾ. ಅಂಗಿಯ ಗುಂಡಿಯ ಹಾಗೆ ದುಂಡಗೆ, ಸುತ್ತ ನೀಲಿ ದಾರ. ಅದು ಲೋಳೆಮೀನಿನ ನೆಂಟ, ಸ್ಲಗ್ ಅಲ್ಲ. ಆದರೆ ಅವುಗಳ ಜೊತೆಯಲ್ಲೇ ಒಮ್ಮೊಮ್ಮೆ ಗ್ಲಾಕಸ್ ಬಂದು ಬೀಳಬಹುದು. ಅದು ಮಾತ್ರ ನಿಜವಾದ ನ್ಯೂಡಿಬ್ರಾಂಕ್: ಬೆಳ್ಳಿ-ನೀಲಿ ಮೈ, ಬದಿಯಲ್ಲಿ ರೆಕ್ಕೆಯ ಹಾಗೆ ಬೆರಳುಗಳ ಗೊಂಚಲು. ನೀರಿನ ಮೇಲ್ಮೈಯಲ್ಲಿ ಅಂಗಾತ ತೇಲುತ್ತದೆ. ಬ್ಲೂ ಬಾಟಲ್ ಅನ್ನುವ, ಲೋಳೆಮೀನಿನ ಇನ್ನೊಂದು ನೆಂಟ ಫೈಸಾಲಿಯಾವನ್ನು ತಿಂದು ಅದರ ಚುಚ್ಚುವ ಕೋಶಗಳನ್ನು ತನ್ನ ಬೆರಳ ತುದಿಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಂದ ಉಂಟು ಅಂತ ಅಂಗೈಯಲ್ಲಿ ಇಟ್ಟುಕೊಂಡು ಫೋಟೋ ತೆಗೆಯಲೇಬೇಡಿ ಮಾರಾಯ್ರೆ, ಕೈ ಉರಿದು ಬಾತುಕೊಳ್ಳುತ್ತದೆ.

ಹೊಂಡದಲ್ಲಿ ಕೈ ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಐಸ್‌ಕ್ರೀಮ್ ಕೋನಿನ ಆಕಾರದ ಚಂದದ ಚಿಪ್ಪು ಕಂಡರೆ ಮುಟ್ಟಬೇಡಿ. ಕೋನಸ್ ಬಸವನಹುಳುಗಳು ವಿಷದ ಮುಳ್ಳು ಚುಚ್ಚುತ್ತವೆ.

ಹಂತ 4: ನಾಲ್ಕು ಫೋಟೋ

ಮೇಲಿಂದ ಪೂರ್ತಿ ಮೈ. ಬದಿಯಿಂದ, ಪಾದದ ಅಂಚು ಕಾಣುವ ಹಾಗೆ. ತಲೆ, ಹತ್ತಿರದಿಂದ. ಕಿವಿರು, ಹತ್ತಿರದಿಂದ. ಐದನೆಯದು ಸ್ಕೇಲ್ ಪಕ್ಕ ಇಟ್ಟು, ಅದು ಕೂತಿರುವ ಜಾಗವೂ ಕಾಣುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು.

ಕಡ್ಡಿಯಿಂದ ತಿವಿಯಬೇಡಿ. ತಲೆಯ ಮೇಲಿನ ಎರಡು ಕೊಂಬುಗಳಿಗೆ ರೈನೋಫೋರ್ ಅನ್ನುತ್ತಾರೆ. ನೀರಿನಲ್ಲಿ ವಾಸನೆ ಹಿಡಿಯುವ ಅಂಗ ಅದು. ಮುಟ್ಟಿದ ಕೂಡಲೇ ರೈನೋಫೋರ್, ಕಿವಿರು ಎರಡನ್ನೂ ಅನೇಕ ಪ್ರಭೇದಗಳು ಒಳಗೆ ಎಳೆದುಕೊಳ್ಳುತ್ತವೆ, ಅಲ್ಲಿಗೆ ಗುರುತಿಸುವ ಕೆಲಸ ನಿಂತಿತು. ನಿಮ್ಮ ನೆರಳು ಬಿದ್ದೋ, ನೀರು ಕದಡಿಯೋ ಆಗಲೇ ಎಳೆದುಕೊಂಡಿದ್ದರೆ ಸುಮ್ನೆ ಕೂರಿ. ಮೊದಲು ಕೊಂಬಿನ ತುದಿ ಒಂದು ಚುಕ್ಕಿಯ ಹಾಗೆ ಏಳುತ್ತದೆ, ಆಮೇಲೆ ಮೈ ಮುಂದಕ್ಕೆ ಚಾಚುತ್ತದೆ, ಕಡೆಗೆ ಹಿಂದಿನ ಗುಳಿಯಿಂದ ಕಿವಿರು ಒಂದೊಂದೇ ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ಕಾದರೆ ಬೇಕಾದ ಫೋಟೋ ಸಿಗುತ್ತದೆ.

ನೀರಿನಿಂದ ಹೊರಗೆ ತೆಗೆದು ಫೋಟೋ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಹೊರಗೆ ಅದು ಬರಿ ಲೋಳೆಯ ಮುದ್ದೆ, ಕಿವಿರೂ ಇಲ್ಲ, ಆಕಾರವೂ ಇಲ್ಲ. ಬಾಟಲಿಯಲ್ಲಿ ಮನೆಗೆ ತರುವುದು ಇನ್ನೂ ದೊಡ್ಡ ತಪ್ಪು. ನೀರು ಬಿಸಿಯಾಗಿ ಸಾಯುತ್ತದೆ. ಫಿಲ್ಲಿಡಿಯಾ ಜಾತಿಯವಾದರೆ ಅದು ಬಿಡುವ ವಿಷಕ್ಕೆ ಅದೇ ಬಾಟಲಿಯ ಉಳಿದ ಪ್ರಾಣಿಗಳೂ ಸಾಯಬಹುದು. ಸ್ಪಿರಿಟ್‌ನಲ್ಲಿ ಇಟ್ಟರೆ ಬಣ್ಣ ಬಿಟ್ಟು ಹೋಗುತ್ತದೆ. ಜೀವಂತ ಇರುವಾಗಿನ ಒಂದು ಒಳ್ಳೆ ಫೋಟೋಗೆ ಬೆಲೆ ಜಾಸ್ತಿ.

ಹಂತ 5: ಗುಂಪು ಹುಡುಕಿ

ಈಗ ಫೋಟೋ ಮುಂದಿಟ್ಟುಕೊಂಡು ಕೂರಿ. ಒಂದೊಂದೇ ಪ್ರಶ್ನೆ ಕೇಳಿಕೊಳ್ಳಿ.

ಬೆನ್ನಿನ ಹಿಂಭಾಗದಲ್ಲಿ ಹೂವಿನ ಹಾಗೆ ಗುಂಡಗೆ ಕಿವಿರಿನ ಗೊಂಚಲು ಉಂಟಾ? ಇದ್ದರೆ ಡೋರಿಡ್. ಗೊಂಚಲಿನ ನಡುವೆ ಇರುವುದು ಅದರ ಗುದದ್ವಾರ. ನಮ್ಮ ಬಂಡೆಗಳ ಬಣ್ಣದ ಸ್ಲಗ್‌ಗಳಲ್ಲಿ ನೀವು ಮೊದಲು ನೋಡುವುದು ಬಹುಶಃ ಇದೇ ಗುಂಪು.

ಗೊಂಚಲಿಲ್ಲ, ಆದರೆ ಬೆನ್ನ ತುಂಬ ಸಣ್ಣ ಬೆರಳುಗಳ ಹಾಗೆ ಎದ್ದು ನಿಂತಿವೆಯಾ? ಅವಕ್ಕೆ ಸೆರಾಟಾ ಅನ್ನುತ್ತಾರೆ. ಹಾಗಿದ್ದರೆ ಹೆಚ್ಚಾಗಿ ಇಯೋಲಿಡ್. ಗ್ಲಾಕಸ್ ಈ ಕಡೆಯದು.

ಗೊಂಚಲೂ ಇಲ್ಲ, ಬೆರಳೂ ಇಲ್ಲ, ಮೈ ಗಟ್ಟಿ, ಮೇಲೆ ಗಂಟುಗಂಟು? ಫಿಲ್ಲಿಡಿಯಾದ ಕುಟುಂಬ ಇರಬಹುದು. ಇದೂ ಡೋರಿಡ್‌ಗಳ ಪೈಕಿಯೇ, ಆದರೆ ಕಿವಿರು ಮೇಲಿಲ್ಲ, ಮೈಯ ಅಂಚಿನ ಕೆಳಗೆ ಅಡಗಿರುತ್ತದೆ. ಗೊಂಚಲು ಕಾಣಲಿಲ್ಲ ಅಂತ ಡೋರಿಡ್ ಅಲ್ಲ ಅಂದುಬಿಡುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಕಿವಿರು ಎಳೆದುಕೊಂಡ ಮಾಮೂಲಿ ಡೋರಿಡ್ ಕೂಡ ಹೀಗೇ ಕಾಣಬಹುದು, ಹಾಗಾಗಿ ಬೆನ್ನ ಹಿಂದೆ ಗುಳಿ ಉಂಟಾ ನೋಡಿ.

ಬೆನ್ನ ಉದ್ದಕ್ಕೂ ಗೆರೆ, ಟ್ರಾಲ್ ಬಲೆಯಲ್ಲಿ ಬಂದದ್ದು? ಆರ್ಮಿನಾ ಜಾತಿ ಇರಬಹುದು. ಮರಳಿನೊಳಗೆ ಹೂತುಕೊಂಡು ಬದುಕಿ, ಕಡಲ ಗರಿ ಅನ್ನುವ ಹವಳದ ನೆಂಟನನ್ನು ತಿನ್ನುತ್ತದೆ. ಬಂದರಿನಲ್ಲಿ ಬಲೆ ಬಿಡಿಸುವವರೇ, ನಿಮಗೆ ಸಿಗುವಷ್ಟು ಇದು ನಮಗೆ ಬಂಡೆಯಲ್ಲಿ ಸಿಗುವುದಿಲ್ಲ, ದಯವಿಟ್ಟು ಫೋಟೋ ತೆಗೆಯಿರಿ.

ಇನ್ನು ನ್ಯೂಡಿಬ್ರಾಂಕ್ ಅಲ್ಲದ ಸೀ ಸ್ಲಗ್‌ಗಳು. ಮೊಲದ ಕಿವಿಯ ಹಾಗೆ ಉದ್ದ ಕೊಂಬು, ದಪ್ಪ ಮೈ, ಪಾಚಿ ತಿನ್ನುತ್ತಿದೆ, ಕೆಣಕಿದರೆ ನೇರಳೆ ಶಾಯಿ ಬಿಡುತ್ತದೆ: ಸೀ ಹೇರ್, ಕಡಲ ಮೊಲ. ಎಲೆ ಮಡಚಿದ ಹಾಗೆ ಹಸಿರು ಮೈ: ಇಲೈಸಿಯಾ ಇರಬಹುದು, ಪಾಚಿಯ ರಸ ಹೀರಿ ಅದರ ಹಸಿರು ಕಣಗಳನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುವ ಪ್ರಾಣಿ.

ಹಂತ 6: ಕುಟುಂಬ, ಜಾತಿ, ಪ್ರಭೇದ

ಶಾಲೆಯಲ್ಲಿ ಕಲಿತ ಸಾಲು ನೆನಪುಂಟಲ್ಲ? ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಗಣದವರೆಗೆ ನೀವು ಆಗಲೇ ಬಂದಾಯಿತು. ಮುಂದಿನದಕ್ಕೆ ಒಂದು ಉದಾಹರಣೆ ನೋಡೋಣ.

ಒಬ್ಬ ಕಾಲೇಜು ಹುಡುಗಿ ಕಳೆದ ವರ್ಷ ಒಂದು ಫೋಟೋ ಕಳಿಸಿದ್ದಳು. ಸುಮಾರು ಮೂರು ಸೆಂಟಿಮೀಟರ್ ಉದ್ದ, ನೀಲಿ ಮಿಶ್ರಿತ ಬೂದು ಮೈ, ಮೇಲೆ ಹಳದಿ ಮತ್ತು ಕಡುನೀಲಿ ಚುಕ್ಕೆ, ಕೆಂಪು ಕೊಂಬು. ಮೇಲಿಂದ ತೆಗೆದದ್ದು, ಕಿವಿರು ಮುಚ್ಚಿತ್ತು. ಹಿಂದೆ ಗುಳಿ ಇತ್ತು, ಹಾಗಾಗಿ ಡೋರಿಡ್. ಮೈ ನಯ, ಗಂಟಿಲ್ಲ, ಬಣ್ಣ ಕಣ್ಣು ಕುಕ್ಕುವಷ್ಟು, ಕಿವಿರು ಗುಳಿಯೊಳಗೆ ಪೂರ್ತಿ ಹೋಗಿದೆ: ಕ್ರೊಮೊಡೊರಿಡಿಡೇ ಕುಟುಂಬ ಅನ್ನಬಹುದು. ಮೈ ಉದ್ದಕ್ಕೆ, ಬದಿ ಎತ್ತರ, ಬೆನ್ನ ಅಂಚಿನ ಸೆರಗು ಬಹಳ ಕಿರಿದು: ಹಿಪ್ಸೆಲೊಡೊರಿಸ್ ಜಾತಿ. ಅದೇ ಸೆರಗು ಅಗಲವಾಗಿ ಹರಡಿದ್ದರೆ ಗೋನಿಯೊಬ್ರಾಂಕಸ್ ಕಡೆ ನೋಡಬೇಕಿತ್ತು.

ಈಗ ಬಣ್ಣಕ್ಕೆ ಬನ್ನಿ. ಈ ಚುಕ್ಕೆಗಳಿಗೆ ಎರಡು ಹೆಸರು ಹೊಂದುತ್ತವೆ, ಹಿಪ್ಸೆಲೊಡೊರಿಸ್ ಇನ್ಫುಕೇಟಾ ಮತ್ತು 1977ರಲ್ಲಿ ಹೆಸರು ಪಡೆದ ಹಿಪ್ಸೆಲೊಡೊರಿಸ್ ಕಂಗಾ. ಮೇಲಿಂದ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಕಿವಿರಿನಲ್ಲಿ: ಕಂಗಾದ ಕಿವಿರಿನ ಹೊರಮೈ ಚಪ್ಪಟೆ, ಅದರ ಮೇಲೆ ಹಳದಿ ಚುಕ್ಕೆಗಳು. ಇನ್ಫುಕೇಟಾದಲ್ಲಿ ಕೆಂಪು ಗೆರೆ ಇರುತ್ತದೆ, ಆ ಹಳದಿ ಚುಕ್ಕೆ ಇರುವುದಿಲ್ಲ. ಅವಳ ಮೊದಲ ಫೋಟೋಗೆ ನಾನು ಕೊಟ್ಟ ಉತ್ತರ ಹಿಪ್ಸೆಲೊಡೊರಿಸ್ ಎಸ್‌ಪಿ. ಅಷ್ಟೇ. ಎಸ್‌ಪಿ ಅಂದರೆ ಜಾತಿ ಗೊತ್ತು, ಪ್ರಭೇದ ಹೇಳುವಷ್ಟು ಆಧಾರ ಇಲ್ಲ. ಮಾರನೆಯ ಇಳಿತಕ್ಕೆ ಅದೇ ಹೊಂಡಕ್ಕೆ ಹೋಗಿ, ಕಾದು, ಅರ್ಧ ಬಿಚ್ಚಿದ ಕಿವಿರಿನ ಫೋಟೋ ತಂದಳು. ಕೆಂಪು ಗೆರೆ ಕಂಡಿತು, ಹಳದಿ ಕಾಣಲಿಲ್ಲ, ಆದರೆ ಎಲ್ಲ ಎಸಳೂ ಸ್ಪಷ್ಟ ಇರಲಿಲ್ಲ. ಹಾಗಾಗಿ ಹಿಪ್ಸೆಲೊಡೊರಿಸ್ ಸಿಎಫ್ ಇನ್ಫುಕೇಟಾ ಅಂತ ಬರೆದೆವು. ಸಿಎಫ್ ಅಂದರೆ ಇದಕ್ಕೆ ಹೋಲುತ್ತದೆ, ಇನ್ನೂ ಖಚಿತ ಮಾಡಬೇಕು ಅಂತ. ಇದು ಸೋಲಲ್ಲ. ತಪ್ಪು ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ತೆಗೆಯಲು ವರ್ಷಗಟ್ಟಲೆ ಬೇಕು, ಎಸ್‌ಪಿ ಅಂತ ಬರೆದದ್ದನ್ನು ನಾಳೆ ಯಾರು ಬೇಕಾದರೂ ಮುಂದುವರಿಸಬಹುದು.

ಹಂತ 7: ಹೆಸರು ಈಗಲೂ ಚಾಲ್ತಿಯಲ್ಲಿದೆಯಾ ನೋಡಿ

ಹಳೇ ಪಟ್ಟಿಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಎರಡು ಪ್ರಾಣಿ ಅಂತ ಗಾಬರಿ ಬೇಡ. ಕೆನೆ ಬಣ್ಣದ ಮೈ, ಅಲೆಅಲೆಯಾದ ಅಂಚಿಗೆ ಕಪ್ಪು ಗೆರೆ ಎಳೆದ ಒಂದು ಸ್ಲಗ್ ಉಂಟು. 1804ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೇ ಅದನ್ನು ಡೋರಿಸ್ ಅಟ್ರೊಮಾರ್ಜಿನೇಟಾ ಅಂದರು. ಅಟ್ರೊಮಾರ್ಜಿನೇಟಾ ಅಂದರೆ ಕಪ್ಪು ಅಂಚಿನದು. ಆಮೇಲೆ ಬಹಳ ಕಾಲ ಗ್ಲಾಸೊಡೊರಿಸ್ ಅಟ್ರೊಮಾರ್ಜಿನೇಟಾ ಆಗಿತ್ತು. 2012ರಲ್ಲಿ ಜಾನ್ಸನ್ ಮತ್ತು ಗೋಸ್ಲಿನರ್ ಡಿಎನ್‌ಎ ಆಧಾರದಲ್ಲಿ ಈ ಕುಟುಂಬವನ್ನೇ ಮರುಜೋಡಿಸಿದಾಗ ಡೊರಿಪ್ರಿಸ್ಮ್ಯಾಟಿಕಾ ಅಟ್ರೊಮಾರ್ಜಿನೇಟಾ ಆಯಿತು. ಹೆಸರಿನ ಎರಡನೆಯ ಪದ ಉಳಿದಿದೆ, ಮೊದಲನೆಯದು, ಅಂದರೆ ಜಾತಿಯ ಹೆಸರು, ಬದಲಾಗಿದೆ. ಹೆಸರಿನ ಮುಂದೆ ಕುವಿಯೇ, 1804 ಅಂತ ಕಂಸದೊಳಗೆ ಹಾಕಿದ್ದರೆ ಅರ್ಥ ಇದೇ: ಹೆಸರಿಟ್ಟವರು ಅವರು, ಜಾತಿ ಆಮೇಲೆ ಬದಲಾಗಿದೆ. ಕಂಸ ಇಲ್ಲದಿದ್ದರೆ ಜಾತಿ ಮೊದಲಿನದೇ.

ಚಾಲ್ತಿಯ ಹೆಸರಿಗೆ ವರ್ಮ್ಸ್ ಅನ್ನುವ ಕಡಲ ಜೀವಿಗಳ ಜಾಗತಿಕ ಪಟ್ಟಿ ನೋಡಿ, ಹಳೇ ಹೆಸರು ಹಾಕಿದರೂ ಹೊಸದನ್ನು ತೋರಿಸುತ್ತದೆ.

ಹಂತ 8: ದಾಖಲೆ ಮಾಡಿ

ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ. ಆ್ಯಪ್ ತಾನೇ ಒಂದು ಹೆಸರು ಸೂಚಿಸುತ್ತದೆ, ಅದನ್ನು ಹಾಗೇ ಒತ್ತಿಬಿಡಬೇಡಿ. ಅದು ಹೆಚ್ಚಾಗಿ ಬಣ್ಣ, ಮಾದರಿ ನೋಡಿ ಹೇಳುತ್ತದೆ, ನಾವು ಇಷ್ಟು ಹೊತ್ತು ಬೇಡ ಅಂದದ್ದೂ ಅದನ್ನೇ ಅಲ್ವಾ? ನಿಮಗೆ ಖಚಿತ ಇರುವ ಮಟ್ಟದಲ್ಲಿ ನಿಲ್ಲಿಸಿ. ಡೋರಿಡ್ ಅಂತ ಮಾತ್ರ ಗೊತ್ತಿದ್ದರೆ ಅಷ್ಟೇ ಬರೆಯಿರಿ. ಪರಿಣತರು ಅಲ್ಲಿಂದ ಮುಂದೆ ಹೇಳುತ್ತಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲೋ ಕೊಣಾಜೆಯ ವಿಶ್ವವಿದ್ಯಾಲಯದಲ್ಲೋ ಪ್ರಾಣಿಶಾಸ್ತ್ರ ಓದುವವರು ಪರಿಚಯ ಇದ್ದರೆ ಅವರಿಗೂ ತೋರಿಸಿ.

ನನಗೆ ಕಳಿಸುವುದಾದರೆ ಇಷ್ಟು ಇರಲಿ: ನಾಲ್ಕೂ ಫೋಟೋ, ಕತ್ತರಿಸದೆ, ಬಣ್ಣ ತಿದ್ದದೆ. ಯಾವ ಊರಿನ ಬಂಡೆ, ದಿನಾಂಕ, ಇಳಿತದ ಹೊತ್ತು. ಉದ್ದ ಎಷ್ಟು. ನೀರು ಎಷ್ಟು ಆಳ ಇತ್ತು. ಯಾವುದರ ಮೇಲೆ ಕೂತಿತ್ತು, ಸ್ಪಂಜಾದರೆ ಅದರ ಬಣ್ಣ. ಒಂದೇ ಇತ್ತಾ, ಜೋಡಿ ಇತ್ತಾ, ಮೊಟ್ಟೆ ಇತ್ತಾ. ಕಿವಿರು ಬಿಚ್ಚಿರುವ ಒಂದಾದರೂ ಫೋಟೋ ಇಲ್ಲದಿದ್ದರೆ ಮುಂದಿನ ಅಮಾವಾಸ್ಯೆಗೆ ಇನ್ನೊಮ್ಮೆ ಅದೇ ಹೊಂಡಕ್ಕೆ ಹೋಗಿ ಬನ್ನಿ, ಆಮೇಲೆ ಕಳಿಸಿ.